ಔಟರ್ ಸಿಗ್ನಲ್ಲಿನ ಅವ್ವ

ಕೊಪ್ಪಳ ಮತ್ತು ಮುನಿರಾಬಾದಿನ ನಡುವೆ ಆಗ ಒಂದು ಸಣ್ಣ ಸ್ಟೇಷನ್ ಇತ್ತು. ಮೀಟರ್‌ಗೇಜಿನ ಕಾಲ. ಒಬ್ಬರು ಮಾಸ್ತರರು, ಹಳಿ ಮತ್ತು ಸಿಗ್ನಲ್ಲು ನೋಡಿಕೊಳ್ಳುವ ಇಬ್ಬರು ಪಾಯಿಂಟ್ಸ್‌ಮನ್ನರು, ಒಂದು ಬೇವಿನ ಮರ, ಒಂದು ನೀರಿನ ಹೂಜಿ, ಸ್ಟೇಷನ್ನೆಂದರೆ ಅಷ್ಟೇ. ಇಬ್ಬರು ಪಾಯಿಂಟ್ಸ್‌ಮನ್ನರಲ್ಲಿ ಹಗಲು ಪಾಳಿಯವನು ಹೇಮಪ್ಪ. ವಯಸ್ಸು ಐವತ್ತರ ಹತ್ತಿರ. ಹಣೆಯ ಮೇಲೆ ಮೂರು ಬೆರಳಿನ ಭಂಡಾರ ಹಚ್ಚದೆ ಮನೆಯ ಹೊಸ್ತಿಲು ದಾಟಿದವನಲ್ಲ. ಹುಣ್ಣಿಮೆಗೊಮ್ಮೆ ಹುಲಿಗಿಯ ತನಕ ನಡೆದು ಹೋಗಿ ಅಲ್ಲಿನ ದೇವಿ ಅಮ್ಮನಿಗೆ ಕೈಮುಗಿದು ಬರುವ ವಾಡಿಕೆ ಅವನ ಅಪ್ಪನ ಕಾಲದ್ದು, ಅದನ್ನೂ ಅವನು ಬಿಟ್ಟಿರಲಿಲ್ಲ.

ಅಂಥವನು ಒಂದು ಸುಳ್ಳು ಹೇಳಿದ. ಈ ಕಥೆ ಆ ಸುಳ್ಳಿನದು.

ಸ್ಟೇಷನ್ನಿನ ಪಕ್ಕದಲ್ಲಿ ಕಬ್ಬಿಣದ ಲಿವರುಗಳ ಸಾಲಿತ್ತು. ಒಂದು ಲಿವರು ಎಳೆದರೆ ಅದಕ್ಕೆ ಕಟ್ಟಿದ ತಂತಿ, ಹಳಿಯ ಬದಿಗೆ ನೆಲದಿಂದ ಮೊಳದೆತ್ತರದಲ್ಲಿ, ಸಣ್ಣ ಸಣ್ಣ ಗಡಗಡಿಗಳ, ಅಂದರೆ ರಾಟೆಗಳ, ಮೇಲೆ ಹರಿದು ಹೋಗಿ, ಒಂದು ಕಿಲೋಮೀಟರ್ ಆಚೆಯ ಔಟರ್ ಸಿಗ್ನಲ್ ಕಂಬದ ಕೈಯನ್ನು ಕೆಳಗಿಳಿಸುತ್ತಿತ್ತು. ಕೈ ಇಳಿದರೆ ಗಾಡಿ ಒಳಗೆ ಬರಬಹುದು. ಇಳಿಯದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕು. ಆಗ ಮಾಸ್ತರರು ಒಂದು ಕಾಗದ ಬರೆದುಕೊಡುತ್ತಿದ್ದರು. ಹೇಮಪ್ಪ ಆ ಕಾಗದ ಹಿಡಿದು ಔಟರಿನ ತನಕ ನಡೆದು, ಡ್ರೈವರನ ಕೈಗೆ ಕೊಟ್ಟು, ಹಸಿರು ನಿಶಾನೆ ತೋರಿಸಿದ ಮೇಲೆಯೇ ಗಾಡಿ ಅಲುಗಬೇಕು. ಅರ್ಧ ತಾಸಿನ ಕೆಲಸ ಅದು.

ಔಟರಿನ ಹತ್ತಿರ ಊರಿನ ಮಾರೆಪ್ಪ ಆಡು ಮೇಯಿಸುತ್ತಿದ್ದ. ಮಧ್ಯಾಹ್ನ ಬುತ್ತಿ ಉಣ್ಣುವಾಗ ಎರಡು ತುಂಟ ಆಡುಗಳನ್ನು ಸಿಗ್ನಲ್ ತಂತಿಗೇ ಕಟ್ಟಿಬಿಡುತ್ತಿದ್ದ.

"ಲೇ ಮಾರ್ಯಾ, ಅದು ಸರ್ಕಾರದ ತಂತಿ ಐತೋ. ನಿಮ್ಮ ಮನಿ ಆಡು ಕಟ್ಟೋ ಗ್ವಾದ್ಲಿ ಅಲ್ಲ," ಎನ್ನುತ್ತಿದ್ದ ಹೇಮಪ್ಪ.

"ಯಣ್ಣಾ, ಓಟು ಹಾಕೋದು ನಾನು, ಟಿಕೀಟು ತಗಸೋದು ನಾನು. ಹತ್ತು ನಿಮಿಷ ಒಂದು ಆಡು ಕಟ್ಟಾಕ ನನಗ ಹಕ್ಕಿಲ್ಲೇನು?"

"ನೀ ಯಾವಾಗ ಟಿಕೀಟು ತಗಸೀದ್ಯೋ?"

ಮಾರೆಪ್ಪ ನಗುತ್ತಿದ್ದ. ಆಡು ಬಿಚ್ಚುತ್ತಿದ್ದ. ಮರುದಿನ ಮತ್ತೆ ಕಟ್ಟುತ್ತಿದ್ದ.

ಎಪ್ಪತ್ತಾರನೆಯ ಇಸವಿಯ ಒಂದು ದಿನ, ಲಿವರನ್ನು ಯಾರೂ ಮುಟ್ಟದೆಯೇ ಔಟರ್ ಸಿಗ್ನಲ್ಲಿನ ಕೈ ತಾನಾಗಿ ಕೆಳಗಿಳಿದುಬಿಟ್ಟಿತು. ಕಟ್ಟಿದ್ದ ಆಡು ಹಸಿರು ಮೇವು ಕಂಡು ತಂತಿ ಜಗ್ಗಿತ್ತು. ಆಗ ಸ್ಟೇಷನ್ನಿನೊಳಗೆ ಒಂದು ಗೂಡ್ಸು ನಿಂತಿತ್ತು. ಹಿಂದಿನಿಂದ ಇನ್ನೊಂದು ಬಂದಿದ್ದರೆ, ದಾರಿ ಖಾಲಿ ಇದೆ ಎಂದುಕೊಂಡು ನೇರ ಒಳಗೆ ನುಗ್ಗುತ್ತಿತ್ತು. ಬರಲಿಲ್ಲ. ದೇವರು ದೊಡ್ಡವನು. ಆದರೆ ಹೇಮಪ್ಪನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ನಸುಕಿನಲ್ಲಿ ಹಳ್ಳದಿಂದ ಒಂದು ನುಣುಪಾದ ಕರಿಕಲ್ಲು ಆರಿಸಿ ತಂದ. ಹೆಂಡತಿ ಯಂಕವ್ವನ ಡಬ್ಬಿಯಿಂದ ಒಂದು ಚಿಟಿಕೆ ಅರಿಷಿಣ, ಒಂದು ಚಿಟಿಕೆ ಕುಂಕುಮ. ಆಡು ಕಟ್ಟುವ ಜಾಗದಲ್ಲಿ, ತಂತಿಯ ಬುಡಕ್ಕೆ ಕಲ್ಲು ನಿಲ್ಲಿಸಿ, ಬೇವಿನ ಎಲೆ ಇಟ್ಟು, ಮಾರೆಪ್ಪನ ದಾರಿ ಕಾದ.

"ಇಲ್ಲಿ ಆಡು ಕಟ್ಟಬ್ಯಾಡೋ ಮಾರೆಪ್ಪಾ. ಹುಲಿಗಿ ಅವ್ವ ಕನಸಿನ್ಯಾಗ ಬಂದಿದ್ಲು. ಇದು ನನ್ನ ಜಾಗ ಅಂದಾಳ."

ಮಾರೆಪ್ಪ ನಗಲಿಲ್ಲ. ಚಪ್ಪಲಿ ಬಿಟ್ಟು, ಅಡ್ಡಬಿದ್ದು, ಆಡು ಹೊಡೆದುಕೊಂಡು ಹೋದ. ಅವನು ಮತ್ತೆ ತಂತಿಯ ಹತ್ತಿರ ಬರಲಿಲ್ಲ. ನೆರೆಮನೆಯವರು ಊರಲ್ಲಿಲ್ಲದಾಗ ಅವರ ಕೊಡ ತಂದು ನೀರು ತುಂಬಿಕೊಂಡವನಂತೆ ಹೇಮಪ್ಪನಿಗೆ ಕೊಂಚ ಅಳುಕಾಯಿತು. ಹುಣ್ಣಿಮೆಗೆ ಹುಲಿಗಿಗೆ ಹೋದಾಗ ಮನಸ್ಸಿನಲ್ಲೇ ತಪ್ಪಾಯಿತೆಂದ. ಕಲ್ಲನ್ನು ನಾಲ್ಕು ದಿನ ಬಿಟ್ಟು ತೆಗೆದರಾಯಿತು ಎಂದುಕೊಂಡ.

ಆ ನಾಲ್ಕು ದಿನಗಳಲ್ಲೇ ಊರಿನ ಶಾಂತಕ್ಕನ ಎಮ್ಮೆ ಕಳೆದುಹೋಯಿತು. ಅವಳು ಕಲ್ಲಿನ ಮುಂದೆ ನಿಂತು ಬೇಡಿಕೊಂಡಳು. ಎಮ್ಮೆ ಸಂಜೆಗೆ ಹಿಟ್ನಾಳದ ದಾರಿಯಲ್ಲಿ ಸಿಕ್ಕಿತು. ಮರುದಿನ ಶಾಂತಕ್ಕ ಹಸಿರು ಕುಪ್ಪಸದ ಖಣದಲ್ಲಿ ಅಕ್ಕಿ, ಅರಿಷಿಣ ಕೊಂಬು, ಒಣಕೊಬ್ಬರಿ ಬಟ್ಟಲು ಕಟ್ಟಿದ ಗಂಟೊಂದನ್ನು ತಂದಳು. ಕಟ್ಟಲು ಅಲ್ಲಿ ಗಿಡವಿರಲಿಲ್ಲ. ಇದ್ದದ್ದು ತಂತಿ ಮಾತ್ರ.

"ಅದಕ್ಕ ಕಟ್ಟಬ್ಯಾಡ ಯಕ್ಕಾ," ಎಂದ ಹೇಮಪ್ಪ.

"ಯಾಕ? ಇಂಥಾ ದೊಡ್ಡ ಗಾಡಿ ಈ ತಂತಿ ಮಾತು ಕೇಳತೈತಿ. ಅಂದಮ್ಯಾಲ ಅವ್ವನ ಶಕ್ತಿ ಇದರಾಗs ಹರಿತೈತಿ. ನಿನಗs ಕನಸು ಬಿದ್ದೈತಿ, ನಿನಗs ತಿಳಿವಲ್ದೇನು?"

ಆ ದಿನವೇ ಹೇಮಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಮಂಗಳವಾರ, ಶುಕ್ರವಾರ ಗಂಟುಗಳು ಬಂದವು. ಭಾರಕ್ಕೆ ತಂತಿ ಗಡಗಡಿಗಳ ನಡುವೆ ಜೋತುಬಿತ್ತು. ಇಲ್ಲಿ ಲಿವರು ಪೂರ್ತಿ ಎಳೆದರೂ ಅಲ್ಲಿ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಅರ್ಧ ಇಳಿದ ಕೈಯನ್ನು ಯಾವ ಡ್ರೈವರನೂ ನಂಬುವುದಿಲ್ಲ. ಗಾಡಿ ಸರಿಯಾಗಿ ಅವ್ವನ ಮುಂದೆಯೇ ನಿಲ್ಲುತ್ತಿತ್ತು. ಜನ ಅದನ್ನು ನೋಡಿದರು. ಅವ್ವ ಗಾಡಿ ನಿಲ್ಲಿಸುತ್ತಾಳೆ ಎಂಬ ಮಾತು ಎರಡು ಹರದಾರಿ ಹರಡಿತು. ಪ್ರಯಾಣಿಕರು ಕಿಟಕಿಯಿಂದಲೇ ಕಾಯಿ ಕೊಡತೊಡಗಿದರು. ಎಂಜಿನ್ನಿನ ಕೆಲವು ಡ್ರೈವರರೂ ಸೀಟಿ ಊದಿ ಕೈಮುಗಿದರು.

ಹೇಮಪ್ಪ ಹೆದರಿ, ಮೊದಲ ಪ್ಯಾಸೆಂಜರು ಬರುವ ಮುಂಚೆ ಹೋಗಿ ಗಂಟು ಬಿಚ್ಚಿ ಹಳ್ಳದ ಮಡುವಿಗೆ ಬಿಡತೊಡಗಿದ. ಬಿಡುವಾಗ ಪ್ರತಿ ಗಂಟಿಗೂ ಒಂದು ನಮಸ್ಕಾರ ಮಾಡುತ್ತಿದ್ದ. ಇದರಿಂದ ಇನ್ನೊಂದಾಯಿತು. ಗಂಟು ಮಾಯವಾದದ್ದು ಕಂಡು ಶಾಂತಕ್ಕ, "ಅವ್ವ ಒಪಗೊಂಡಾಳ! ಕೈಲೆ ತಗೊಂಡಾಳ!" ಎಂದು ಊರಿಗೆಲ್ಲ ಸಾರಿದಳು. ಗಂಟುಗಳು ಇಮ್ಮಡಿಯಾದವು.

ಯಂಕವ್ವನೂ ಒಂದು ಕಟ್ಟಿದಳು. ಸಿದ್ದಾಪುರಕ್ಕೆ ಕೊಟ್ಟ ಮಗಳು ಹಂಪವ್ವನಿಗೆ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಗಂಡನಿಗೆ ಹೇಳದೆ ಕಟ್ಟಿ ಬಂದಿದ್ದಳು. ಬೆಳಿಗ್ಗೆ ಆ ಖಣದ ಅಂಚು ಗುರುತಿಸಿದ ಹೇಮಪ್ಪ ಅದೊಂದನ್ನು ಬಿಚ್ಚಲಾರದೆ ಬಿಟ್ಟ. ಮರುವರ್ಷ ಹಂಪವ್ವ ಬಸುರಾದಳು.

ಇನ್ನು ಜಿಲಾನಸಾಬ. ಕೊಪ್ಪಳದಲ್ಲಿ ಮನೆ, ಈ ದಾರಿಯ ಐದು ಸ್ಟೇಷನ್ನುಗಳ ಸಿಗ್ನಲ್ ಮೇಸ್ತ್ರಿ. ಹದಿನೆಂಟಕ್ಕೆ ಖಲಾಸಿಯಾಗಿ ಸೇರಿ, ಇಪ್ಪತ್ತೆರಡು ವರ್ಷ ಹೊರೆ ಹೊತ್ತು, ಎಣ್ಣೆ ಹಚ್ಚಿ, ಮೇಸ್ತ್ರಿಯಾದವನು. ತಂತಿಯ ಮೇಲೆ ಅಂಗೈ ಇಟ್ಟರೆ ಯಾವ ಗಡಗಡಿ ಹಿಡಿದಿದೆ ಎಂದು ಹೇಳುತ್ತಿದ್ದ. ಮೊದಲ ಸಲ ಗಂಟುಗಳನ್ನು ನೋಡಿದಾಗ ಅವನು ತಂತಿಯಿಂದ ಎರಡು ಹೆಜ್ಜೆ ದೂರವೇ ನಿಂತ.

"ಹೇಮಪ್ಪ, ಇವನ್ನ ನೀ ತಗಿ. ನಾ ಮುಟ್ಟಿದರ ಸಾಬ ತಗದ ಅಂತ ಊರಾಗ ಮಾತು ಬ್ಯಾರೆ ಆಗತೈತಿ."

"ಮ್ಯಾಲಿನವರಿಗೆ ಬರದು ತಿಳಸ್ರಿ ಸಾಬ್ರ."

"ಬರದ್ರ ಪೊಲೀಸರು ಬರತಾರ, ಕಲ್ಲು ಕಿತ್ತು ಒಗಿತಾರ. ಅವ್ವ ಇದ್ದಲ್ಲಿ ಇರ್ಲಿ ಬಿಡು. ನಮ್ಮ ದರ್ಗಾಕ್ಕ ನೀವು ಬರೂದಿಲ್ಲೇನು? ನಾ ಹೆಂಗರ ಮಾಡಿ ತಂತಿ ಬಿಗೀತೀನಿ."

ಹಾಗೆ ಎರಡು ವರ್ಷ ಬಿಗಿದ. ಸಿಗ್ನಲ್ ಕೆಟ್ಟಾಗೆಲ್ಲ ಮೇಲಿನಿಂದ ಕಾಗದ ಬರುತ್ತಿತ್ತು. ಬಿಸಿಲಿಗೆ ತಂತಿ ಜೋತುಬಿದ್ದಿತ್ತು ಎಂದು ಜಿಲಾನಸಾಬ ಜವಾಬು ಬರೆಯುತ್ತಿದ್ದ. ಮೂರನೆಯ ಕಾಗದದಲ್ಲಿ ಹೀಗಿತ್ತು: ಇನ್ನೊಮ್ಮೆ ಗಾಡಿ ನಿಂತರೆ ಮೇಸ್ತ್ರಿಗಿರಿಯಿಂದ ಇಳಿಸಿ, ಮತ್ತೆ ಖಲಾಸಿ ಮಾಡಿ, ಗುಂತಕಲ್ಲಿನ ಆಚೆಗೆ ಕಳಿಸಲಾಗುವುದು. ಅದನ್ನು ಅವನೇ ಹೇಮಪ್ಪನಿಗೆ ಓದಿ ಹೇಳಿದ. ಓದಿ ನಗಲು ನೋಡಿದ. "ನಾ ಕೆಲಸ ಕಲಿಸಿದ ಹುಡುಗ್ರ ಕೈಕೆಳಗ ಎಣ್ಣಿ ಡಬ್ಬಿ ಹೊರೂದು ಬರತೈತೇನೋ."

ಆ ದಿನವೂ ಹೇಮಪ್ಪ ಬಾಯಿ ಬಿಡಲಿಲ್ಲ. ಕಲ್ಲನ್ನು ಯಾರು ಇಟ್ಟರೆಂದು ಜಿಲಾನಸಾಬ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಹೇಮಪ್ಪ ತನಗೆ ತಾನೇ ಹೇಳಿಕೊಂಡ. ಅದೂ ಸುಳ್ಳು ಎಂಬುದು ಅವನಿಗೆ ಗೊತ್ತಿತ್ತು.

ಎಪ್ಪತ್ತೆಂಟರ ವೈಶಾಖ. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆಂದು ಹೇಮಪ್ಪ ರಜೆ ಹಾಕಿ ಸಿದ್ದಾಪುರಕ್ಕೆ ಹೋದ. ಐದು ದಿನ ಗಂಟು ಬಿಚ್ಚುವವರಿಲ್ಲ. ಮಂಗಳವಾರ ಬೆಳಿಗ್ಗೆ ಮರಳಿ, ಬಸ್ಸಿಳಿದವನೇ ಪಾಳಿಗೆ ಬಂದ. ಒಂಬತ್ತೂ ಕಾಲಿಗೆ ಹೊಸಪೇಟೆ ಕಡೆಯಿಂದ ಪ್ಯಾಸೆಂಜರು ಬಂದು ಔಟರಿನಲ್ಲಿ ನಿಂತಿತು. ಲಿವರು ಎಳೆದರೆ ಕೈ ಅಲುಗಲೇ ಇಲ್ಲ.

ಮಾಸ್ತರರು ಕಾಗದದ ಪುಸ್ತಕಕ್ಕೆ ಕೈ ಹಾಕಿದರು. "ತಡೀರಿ ಸರ, ಜಿಲಾನಸಾಬ್ರ ಹೆಸರು ಕೆಡತೈತಿ," ಎಂದ ಹೇಮಪ್ಪ. "ತಂತಿ ಒಂಚೂರು ನೋಡಿ ಬರತೀನಿ. ಹತ್ತು ನಿಮಿಷದಾಗ ಕೈ ಬೀಳತೈತಿ."

ಓಡಿದ. ಗಂಟುಗಳನ್ನು ಬಿಚ್ಚಿ, ಯಾರಿಗೂ ತಿಳಿಯದಂತೆ ಮುಗಿಸಿಬಿಡುವ ಆಸೆ. ಆದರೆ ಅಂದು ಮಂಗಳವಾರ. ಕಲ್ಲಿನ ಸುತ್ತ ಮೂವತ್ತು ಜನ. ಶಾಂತಕ್ಕ ಆರತಿ ಹಿಡಿದಿದ್ದಳು. ತಂತಿಯ ಮೇಲೆ ನಲವತ್ತಕ್ಕೂ ಹೆಚ್ಚು ಗಂಟು. ಅಷ್ಟು ಕಣ್ಣುಗಳ ಮುಂದೆ ಅವನ ಕೈ ಮೇಲೇಳಲಿಲ್ಲ. ಪಕ್ಕದಲ್ಲಿ ಎಂಜಿನ್ನು ಉಸಿರು ಬಿಡುತ್ತ ನಿಂತಿತ್ತು.

ಗಾಡಿಯಿಂದ ಒಬ್ಬ ಹೆಣ್ಣುಮಗಳು ಇಳಿದು ಬಂದಳು. ನಲವತ್ತರ ಪ್ರಾಯ. ಕೂದಲು ಬಾಚಿರಲಿಲ್ಲ.

"ಯಪ್ಪಾ, ನೀವು ರೈಲ್ವೆದವರೇನ್ರಿ? ಯಾವಾಗ ಬಿಡತಾರ್ರಿ? ಗದಗಿನ್ಯಾಗ ನಮ್ಮಣ್ಣ ತೀರಕೊಂಡಾನ್ರಿ. ಹನ್ನೆರಡಕ್ಕ ಮಣ್ಣು ಕೊಡತಾರಂತ. ಒಂದು ಸಲ ಮುಖ ನೋಡಬೇಕ್ರಿ."

ಹೇಮಪ್ಪ ಉತ್ತರ ಕೊಡುವ ಮುಂಚೆ ಶಾಂತಕ್ಕ ಆಕೆಯ ಭುಜ ಹಿಡಿದಳು. "ಅವರನ್ಯಾಕ ಕೇಳತಿ ತಂಗಿ, ಅವರ ಕೈಯಾಗ ಏನೈತಿ? ಅವ್ವಗ ಹಣಿ ಹಚ್ಚು. ಆಕೀನs ನಿಂದರಸ್ಯಾಳ, ಆಕೀನs ಬಿಡತಾಳ."

ಆಕೆಯ ಹತ್ತಿರ ಕಾಯಿಯಿಲ್ಲ, ಖಣವಿಲ್ಲ. ಸೀರೆಯ ಸೆರಗನ್ನು ಹಲ್ಲಿನಿಂದ ಹರಿದು, ದಾರಿಯ ಮೇಲಿನ ಒಂದು ಕಲ್ಲನ್ನು ಅದರಲ್ಲಿ ಸುತ್ತಿ, ತಂತಿಗೆ ಕಟ್ಟಿದಳು. ಕಟ್ಟುತ್ತ, "ಯವ್ವಾ, ಗಾಡಿ ಬಿಡಸವ್ವಾ, ನಮ್ಮಣ್ಣನ ಮುಖ ಒಂದು ತೋರಸವ್ವಾ," ಎಂದು ಹಣೆಯನ್ನು ಕಲ್ಲಿಗೆ ಒತ್ತಿದಳು. ತನ್ನ ಗಾಡಿಯನ್ನು ಹಿಡಿದು ನಿಲ್ಲಿಸಿದ ತಂತಿಗೆ ಆಕೆ ಇನ್ನೊಂದು ಭಾರ ಹಾಕಿದ್ದಳು. ಹೇಮಪ್ಪ ನೋಡುತ್ತಲೇ ನಿಂತಿದ್ದ.

ಬರಿಗೈಯಲ್ಲಿ ಸ್ಟೇಷನ್ನಿಗೆ ಮರಳಿ, ಕಾಗದ ಬರೆಸಿಕೊಂಡು, ಮತ್ತೆ ಅದೇ ಒಂದು ಕಿಲೋಮೀಟರ್ ನಡೆದು ಡ್ರೈವರನಿಗೆ ಮುಟ್ಟಿಸುವಷ್ಟರಲ್ಲಿ ಹತ್ತೂವರೆ. ಮೊದಲೇ ಕಾಗದ ಒಯ್ದಿದ್ದರೆ ಒಂಬತ್ತೂ ಮುಕ್ಕಾಲಿಗೆ ಗಾಡಿ ಹೋಗುತ್ತಿತ್ತು. ಹನ್ನೆರಡರೊಳಗೆ ಗದಗು ಮುಟ್ಟುತ್ತಿತ್ತು. ಗಾಡಿ ಹೊರಟಾಗ ಆ ಹೆಣ್ಣುಮಗಳು ಕಿಟಕಿಯಿಂದ ಕಲ್ಲಿಗೆ ಕೈಮುಗಿದಳು. ಅವನಿಗೂ ಮುಗಿದಳು. ಅಣ್ಣನ ಮುಖ ಆಕೆಗೆ ಸಿಕ್ಕಿತೋ ಇಲ್ಲವೋ ಅವನಿಗೆ ಎಂದೂ ತಿಳಿಯಲಿಲ್ಲ.

ಅಂದು ಆ ಒಂದು ಗಾಡಿಯ ಹಿಂದೆ ಮೂರು ಗಾಡಿಗಳು ತಡವಾದವು. ವಿಚಾರಣೆ ಶುಕ್ರವಾರವೆಂದು ಸುದ್ದಿ ಬಂತು.

ಗುರುವಾರ ಊಟಕ್ಕೆ ಕುಳಿತಾಗ ಹೇಮಪ್ಪ ರೊಟ್ಟಿ ಮುರಿದು ಹಾಗೇ ಇಟ್ಟ. ಹೆಂಡತಿಗೆ ಎಲ್ಲ ಹೇಳಿದ. ಕನಸು ಬಿದ್ದಿರಲಿಲ್ಲ, ಕಲ್ಲು ಹಳ್ಳದ್ದು, ಕುಂಕುಮ ನಿನ್ನ ಡಬ್ಬಿಯದು, ಗಂಟು ಒಯ್ದವನು ನಾನು.

ಯಂಕವ್ವ ರೊಟ್ಟಿಯ ಬುಟ್ಟಿ ಪಕ್ಕಕ್ಕೆ ಇಟ್ಟಳು. "ಹಂಗಾದ್ರ ನಮ್ಮ ಹಂಪವ್ವನ ಹೊಟ್ಟ್ಯಾಗಿನ ಕೂಸು ಯಾರು ಕೊಟ್ಟಿದ್ದು?"

ಅವನು ತಾಟನ್ನು ಮುಂದಕ್ಕೆ ಸರಿಸಿದ.

"ನೀ ಸುಳ್ಳು ಹೇಳೀದಿ, ಖರೆ. ಆದ್ರ ನಾ ಬೇಡಿಕೊಂಡಿದ್ದು ಸುಳ್ಳಲ್ಲ. ಅದು ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟೈತಿ." ಅವಳು ತಾಟು ಎತ್ತಿದಳು. "ನೀ ಸಾಬ್ರ ಅನ್ನ ಕಸಗೊಳ್ಳಾಕ ಹತ್ತೀದಿ. ಅದನ್ನ ಮೊದಲು ನೋಡು. ಅವ್ವನ್ನ ಆಮ್ಯಾಲ ನೋಡುವಂತಿ."

ಶುಕ್ರವಾರ ವಿಚಾರಣೆಗೆ ರೈಲ್ವೆ ಸಾಹೇಬರು ಟ್ರಾಲಿಯ ಮೇಲೆ ಬಂದರು. ಮೈಸೂರಿನ ಕಡೆಯವರು, ಮೃದು ಮಾತಿನವರು. ನೇರ ಔಟರಿಗೇ ಹೋಗಿ ತಂತಿ ನೋಡಿದರು. ಊರಿನ ಜನ ಸುತ್ತ ನಿಂತಿದ್ದರು. ಹಿರಿಯ ದುರುಗಪ್ಪ ಎಲ್ಲರ ಮುಂದೆ, ಬಡಿಗೆ ಊರಿಕೊಂಡು.

"ಏನ್ರೀ ಜಿಲಾನ್, ಇಷ್ಟು ಗಂಟು ನೇತಾಡ್ತಿವೆ. ಎರಡು ವರ್ಷ ನೀವು ಬಿಸಿಲು, ಬಿಸಿಲು ಅಂತ ಬರೆದಿದ್ದೀರಿ. ಸುಳ್ಳು ಯಾಕೆ ಬರೆದ್ರಿ?"

ಜಿಲಾನಸಾಬ ತಲೆ ತಗ್ಗಿಸಿದ. "ತಪ್ಪಾತ್ರಿ ಸಾಹೇಬ್ರ. ಊರವರ ದೇವರು, ನಡುವ ನಾ ಯಾಕ ಬರಬೇಕು ಅಂತ. ಕೆಲಸ ನಂದು, ತಪ್ಪು ನಂದು. ಕಲ್ಲಿಗೆ ಮಾತ್ರ ಏನೂ ಮಾಡಬ್ಯಾಡ್ರಿ."

ಸಾಹೇಬರು ಪೆನ್ನು ತೆರೆದರು.

"ಸರ," ಎಂದ ಹೇಮಪ್ಪ. ಒಂದು ಹೆಜ್ಜೆ ಮುಂದೆ ಬಂದ. ಮತ್ತೊಮ್ಮೆ, ಜೋರಾಗಿ ಎಂದ. "ಸಾಹೇಬ್ರ, ಆ ಕಲ್ಲು ನಾ ಇಟ್ಟಿದ್ದು."

ಅವನು ನಿಲ್ಲಿಸಲಿಲ್ಲ. ಮಾರೆಪ್ಪನ ಆಡಿನಿಂದ ಹಿಡಿದು ಸೆರಗು ಹರಿದ ಹೆಣ್ಣುಮಗಳ ತನಕ ಒಂದೊಂದೇ ಹೇಳಿದ. "ಅವ್ವ ನನಗ ಕನಸಿನ್ಯಾಗ ಬಂದಿಲ್ಲ. ನಾ ಆಕೀ ಹೆಸರು ಹೇಳಿ ಸುಳ್ಳಾಡೀನಿ. ಸಾಬ್ರದು ಏನೂ ತಪ್ಪಿಲ್ಲ. ನನಗ ಬರೀರಿ."

ಎಲ್ಲರೂ ತನ್ನನ್ನು ಹೊಡೆಯಲಿ ಎಂದು ಅವನು ಕಾದು ನಿಂತ. ದುರುಗಪ್ಪ ಕೆಮ್ಮಿದ.

"ಆಡಿನ ಕಾಟಕ್ಕ ಕಲ್ಲು ಇಟ್ಟಿ. ಛಲೋ. ಹಳ್ಳದಾಗ ಸಾವಿರ ಕಲ್ಲು ಇರತಾವು. ಅದನ್ನs ಯಾಕ ಆರಿಸಿದಿ?"

"ನುಣುಪಿತ್ತು ಕಾಕಾ. ಅಷ್ಟs."

"ಅಷ್ಟs ಅಂತ ನಿನಗ ಅನಸೈತಿ. ಎತ್ತು ಬಂಡಿ ಎಳೀತೈತಿ, ಒಳಗ ಯಾರು ಕುಂತಾರ ಅಂತ ಎತ್ತಿಗೆ ತಿಳೀತೈತೇನು?"

ಹೆಂಗಸರು ತಲೆಯಾಡಿಸಿದರು. ಶಾಂತಕ್ಕ ಕಣ್ಣೊರೆಸಿಕೊಂಡಳು. "ಪಾಪ, ತನ್ನ ಕೈಲೆ ಅವ್ವನ್ನ ಕುಂದರಿಸಿ, ತನಗs ಗೊತ್ತಿಲ್ಲಂತಾನ. ಎಂಥಾ ಪುಣ್ಯವಂತ!" ಮಾರೆಪ್ಪ ಬಂದು ಅವನ ಕಾಲು ಮುಟ್ಟಿದ. ಹೇಮಪ್ಪ ಬೆಂಕಿ ತುಳಿದವನಂತೆ ಹಿಂದೆ ಸರಿದ.

"ಖರೆ ಹೇಳಾಕ ಹತ್ತೀನೋ ಮಾರಾಯ್ರಾ! ಸುಳ್ಳುಗಾರ ಅದೀನಿ ನಾನು!"

ಯಾರೂ ಕೇಳಿಸಿಕೊಳ್ಳಲಿಲ್ಲ. ಸಾಹೇಬರು ಮಾತ್ರ ಎಲ್ಲ ಬರೆದುಕೊಂಡು, ಅವನ ಸಹಿ ತೆಗೆದುಕೊಂಡರು. ಕಲ್ಲನ್ನು ಹಳಿಯಿಂದ ಇಪ್ಪತ್ತು ಮಾರು ಆಚೆ, ಊರಿನ ಜಾಗಕ್ಕೆ ಸರಿಸಬೇಕು. ಅಲ್ಲಿ ಗಂಟು ಕಟ್ಟಲು ಒಂದು ಕಂಬ ನೆಡಬೇಕು. ತಂತಿಯನ್ನು ಯಾರೂ ಮುಟ್ಟಕೂಡದು ಎಂದರು. ದುರುಗಪ್ಪ ಒಪ್ಪಿದ. ಜಿಲಾನಸಾಬನ ಮೇಲಿನ ಕಾಗದ ರದ್ದಾಯಿತು. ಗುಂತಕಲ್ಲಿನ ಆಚೆಯ ವರ್ಗ ಹೇಮಪ್ಪನಿಗೆ ಬಂತು. ತಿಂಗಳೊಪ್ಪತ್ತಿನಲ್ಲಿ ಹೋಗಿ ಸೇರಬೇಕು.

ಮಂಗಳವಾರ ಅವ್ವನನ್ನು ಸರಿಸಿದರು. ತಂದವನೇ ಎತ್ತಬೇಕೆಂದರು, ಅವನೇ ಎತ್ತಿ ಇಟ್ಟ. ಮೊದಲ ಕಾಯಿಯನ್ನೂ ನೀನೇ ಒಡೆ ಎಂದು ದುರುಗಪ್ಪ ಮುಂದೆ ಚಾಚಿದ.

"ನನ್ನ ಕೈ ಬ್ಯಾಡ ಕಾಕಾ."

ಅವರಿಬ್ಬರ ನಡುವೆ ಕಾಯಿ ಹಾಗೇ ಉಳಿಯಿತು. ಯಂಕವ್ವ ಬಂದು ಅದನ್ನು ತೆಗೆದುಕೊಂಡು, ಒಂದೇ ಏಟಿಗೆ ಒಡೆದು, ಎರಡೂ ಹೋಳನ್ನು ಕಲ್ಲಿನ ಮುಂದಿಟ್ಟಳು. ಗಂಡನ ಕಡೆ ನೋಡಲಿಲ್ಲ.

ಹೇಮಪ್ಪ ಜನರನ್ನು ಬಿಟ್ಟು ಬಂದು, ಹಳಿಯ ಪಕ್ಕದ ಜಲ್ಲಿಯ ಗುಡ್ಡೆಯ ಮೇಲೆ ಕುಳಿತ. ಅವ್ವಾ, ನೀನು ಅಲ್ಲಿದ್ದೀಯೋ ಇಲ್ಲವೋ ನನಗೆ ತಿಳಿಯದು ಎಂದು ಮನಸ್ಸಿನಲ್ಲಿ ಅಂದ. ಇದ್ದರೆ, ನಿನ್ನನ್ನು ಆಡು ಕಾಯಲು ಹಚ್ಚಿದವನು ನಾನು. ಇಲ್ಲದಿದ್ದರೆ, ಇಷ್ಟು ಜನರ ಹಣೆಯನ್ನು ಬರಿ ಕಲ್ಲಿಗೆ ಒತ್ತಿಸಿದವನು ನಾನು. ಎರಡರಲ್ಲಿ ಯಾವುದು ದೊಡ್ಡ ತಪ್ಪೆಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಜಿಲಾನಸಾಬ ತಂತಿಯ ಗಡಗಡಿಗಳಿಗೆ ಎಣ್ಣೆ ಬಿಡುತ್ತ ಬಂದ. ವಿಚಾರಣೆಯ ದಿನದಿಂದ ಅವನು ಒಂದು ಮಾತೂ ಆಡಿರಲಿಲ್ಲ. ಡಬ್ಬಿ ಕೆಳಗಿಟ್ಟು, ಎರಡು ಮೊಳ ದೂರದಲ್ಲಿ ಕುಳಿತ.

"ಸಾಬ್ರ, ನನ್ನ ಮ್ಯಾಲ ಸಿಟ್ಟು ಐತೇನ್ರಿ?"

"ಐತಿ."

ಹೇಮಪ್ಪ ತಲೆಯೆತ್ತಿದ.

"ಭಾಳ ಐತಿ," ಎಂದ ಜಿಲಾನಸಾಬ. "ಆ ಮೂರನೇ ಕಾಗದ ನಾ ನಿನ್ನ ಮುಂದ ಓದೀನಿ. ಮನ್ಯಾಗ ಹೆಂಡ್ತಿ ಶಾಹಜಾದಬಿ ಎರಡು ದಿನ ಒಲಿ ಹಚ್ಚಲಿಲ್ಲ. ಊರಿಗೆ ಹೇಳಬ್ಯಾಡಾಗಿತ್ತು, ನನಗ ಒಬ್ಬಗರೆ ಹೇಳಬಹುದಿತ್ತು. ಇಬ್ಬರೂ ಕೂಡಿ ಏನರ ಹಾದಿ ನೋಡತಿದ್ವಿ. ನೀ ಹೇಳಲಿಲ್ಲ."

"ಹೇಳಲಿಲ್ರಿ."

"ಎರಡು ವರ್ಷ, ಹೇಮಪ್ಪ."

"ಹೌದ್ರಿ. ಎರಡು ವರ್ಷ."

ಆಚೆ ಹೆಂಗಸರ ಹಾಡು ಎದ್ದಿತು. ನಾಲ್ಕು ದಿನಗಳಿಂದ ಊರಿಗೆ ಊರೇ ಅವನಿಗೆ ಕೈಮುಗಿಯುತ್ತಿತ್ತು. ಪುಣ್ಯವಂತನೆಂದು ಕರೆಯುತ್ತಿತ್ತು. ಅವನು ಮಾಡಿದ್ದು ಅವನದೇ ತಪ್ಪೆಂದು ಒಪ್ಪಿಕೊಂಡವನು ಜಿಲಾನಸಾಬನೊಬ್ಬ. ಹೇಮಪ್ಪನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಈ ಸಿಟ್ಟು ಇರ್ಲಿ ಸಾಬ್ರ," ಎಂದ. "ಜಲ್ದಿ ಬಿಡಬ್ಯಾಡ್ರಿ."

"ಬಿಡಂಗಿಲ್ಲ," ಎಂದು ಜಿಲಾನಸಾಬ ಎದ್ದ. ಎಣ್ಣೆ ಡಬ್ಬಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವನು ತಿರುಗಿ ನೋಡಿದ. "ಏಳು. ಇನ್ನೂ ಹದಿನಾರು ಗಡಗಡಿ ಅದಾವು. ಬಟ್ಟಿ ಹಿಡಕೊಂಡು ನನ್ನ ಹಿಂದ ಒರಸಗೋತ ಬಾ."

ಹೇಮಪ್ಪ ಎದ್ದು, ಬಟ್ಟೆ ತೆಗೆದುಕೊಂಡು, ಅವನ ಹಿಂದೆ ನಡೆದ.